ಬಿಸಿಲಿಗೆ ಕಾಣುವ ಸುಳಿ ಗೀರು: ಮನೆಯಲ್ಲೇ ಪಾಲಿಶ್ ಮಾಡಿ ತೆಗೆಯಬಹುದಾ?

ಪ್ರಶ್ನೆ: ಬದಿಯಡ್ಕ

ಕಾರು 2019ರ ಬಲೆನೊ, ಕಡು ನೀಲಿ ಮೆಟಾಲಿಕ್. ಎಡಬದಿಯ ಹಿಂದಿನ ಬಾಗಿಲು ಒಮ್ಮೆ ಪೈಂಟ್ ಆದದ್ದು, ಉಳಿದದ್ದೆಲ್ಲ ಕಂಪೆನಿಯ ಬಣ್ಣವೇ. ನೆರಳಿನಲ್ಲಿ ಎಂತ ತೊಂದರೆಯೂ ಕಾಣುವುದಿಲ್ಲ. ಸಂಜೆಯ ಬಿಸಿಲು ಬಾನೆಟ್ ಮೇಲೆ ಬಿದ್ದರೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯ ಹಾಗೆ ಸಪೂರ ಗೀರುಗಳು. ರಾತ್ರಿ ಪೆಟ್ರೋಲ್ ಬಂಕಿನ ಲೈಟಿನಡಿ ಇನ್ನೂ ಜೋರು.

ಕಳೆದ ವರ್ಷ ಸರ್ವಿಸಿಗೆ ಕೊಟ್ಟಾಗ ರಬ್ಬಿಂಗ್ ಪಾಲಿಶ್ ಮಾಡಿಸಿದ್ದೆ. ತಂದ ದಿನ ಕನ್ನಡಿಯ ಹಾಗಿತ್ತು. ಮೂರು ಸಲ ತೊಳೆಯುವಷ್ಟರಲ್ಲಿ ಹಳೆ ಗೀರೆಲ್ಲ ವಾಪಸ್. ಅದರ ಮೇಲೆ, ನಾವು ನಡೆದ ಹಾಗೆ ಜೊತೆಗೇ ಸರಿಯುವ ಅಗಲದ ಹೊಗೆ ಪಟ್ಟಿಗಳು ಬೇರೆ.

ಈಗ ಒಂದು ಡಿ.ಎ. ಪಾಲಿಶರ್ (ಸುತ್ತುತ್ತಲೇ ಅತ್ತಿತ್ತ ಓಲಾಡುವ ಪಾಲಿಶ್ ಮೆಷಿನ್) ಸಿಕ್ಕಿದೆ, ಓಲಾಟದ ಅಳತೆ ಅಂದರೆ ಥ್ರೋ 8 ಮಿ.ಮೀ., ಪ್ಯಾಡ್ ಅಂಟಿಸುವ ಪ್ಲೇಟ್ 125 ಮಿ.ಮೀ. ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಬೇಕು ಅಂತ ಉಂಟು. ಯಾವ ಪ್ಯಾಡ್, ಯಾವ ಪಾಲಿಶ್, ಎಷ್ಟು ಸಲ ಓಡಿಸಬೇಕು? ಬಣ್ಣದ ಮೇಲಿನ ಪಾರದರ್ಶಕ ಪದರ, ಅದೇ ಕ್ಲಿಯರ್ ಕೋಟ್, ಸವೆದು ಹೋಗುವ ಹೆದರಿಕೆ ಎಷ್ಟರ ಮಟ್ಟಿಗೆ ನಿಜ? ಇನ್ನೊಂದು, ತೋಟಕ್ಕೆ ಮದ್ದು ಬಿಡುವಾಗ ಹಾರಿ ಬಿದ್ದ ತಿಳಿನೀಲಿ ಚುಕ್ಕಿಗಳು ಮೇಲ್ಛಾವಣಿಯಲ್ಲಿ ಹಾಗೇ ಉಳಿದಿವೆ. ಅವನ್ನು ಮೊದಲು ತೆಗೆಯಬೇಕಾ, ಪಾಲಿಶ್ ಮಾಡುವಾಗ ಹೋಗುತ್ತದಾ?

ಉತ್ತರ: ಮಂಜೇಶ್ವರ

ಮೊದಲು ಆ ಗೀರು ಏನು ಅಂತ ಗೊತ್ತಾಗಬೇಕು. ಸುಳಿ ಅಂತ ಹೆಸರು ಬಂದರೂ ಅವು ಸುತ್ತಾದ ಗೀರುಗಳಲ್ಲ. ಎಲ್ಲ ದಿಕ್ಕಿಗೂ ಬಿದ್ದ ಸಾವಿರಾರು ನೇರ, ಸಪೂರ ಗೀರುಗಳು. ಬೆಳಕಿಗೆ ಅಡ್ಡ ಬಿದ್ದವು ಮಾತ್ರ ಹೊಳೆಯುತ್ತವೆ, ಹಾಗಾಗಿ ಬೆಳಕಿನ ಸುತ್ತ ವೃತ್ತ ಕಟ್ಟಿದ ಹಾಗೆ ತೋರುವುದು. ಟಾರ್ಚನ್ನು ಬಾನೆಟ್ ಮೇಲೆ ಒಂದು ಅಡಿ ಎತ್ತರದಲ್ಲಿ ಹಿಡಿದು ನಿಧಾನ ಸರಿಸಿ ನೋಡಿ, ವೃತ್ತವೂ ಟಾರ್ಚಿನ ಜೊತೆ ಸರಿಯುತ್ತದೆ. ಸರಿಯದೆ ಒಂದೇ ಕಡೆ ನಿಂತ ಗೆರೆ ಇದ್ದರೆ ಅದು ಒಂಟಿ ಆಳದ ಗೀರು, ಅದರ ಲೆಕ್ಕ ಬೇರೆ.

ನಿಮ್ಮ ರಬ್ಬಿಂಗ್ ಪಾಲಿಶ್‌ನಲ್ಲಿ ಎರಡು ತಪ್ಪು ಒಟ್ಟಿಗೆ ಆಗಿದೆ. ಗೀರು ವಾಪಸ್ ಬಂತು ಅಂದರೆ ಅದು ಹೋಗಿಯೇ ಇರಲಿಲ್ಲ. ಎಣ್ಣೆ ಅಂಶ ಜಾಸ್ತಿ ಇರುವ ಗ್ಲೇಜ್ ಗೀರಿನೊಳಗೆ ತುಂಬಿ ಕೂತಿತ್ತು, ಶಾಂಪೂ ತಾಗಿದ ಹಾಗೆ ತೊಳೆದು ಹೋಯಿತು. ಜೊತೆಗೇ ಸರಿಯುವ ಹೊಗೆ ಪಟ್ಟಿಗೆ ಹಾಲೋಗ್ರಾಂ ಅಂತಾರೆ. ಓಲಾಡದೆ ಬರೇ ಸುತ್ತುವ ರೋಟರಿ ಮೆಷಿನಿಗೆ ಉಣ್ಣೆ ಪ್ಯಾಡ್ ಹಾಕಿ ಕಾಂಪೌಂಡ್ ಎಂಬ ಒರಟು ಪಾಲಿಶಿನಲ್ಲಿ ಓಡಿಸಿ, ಮೇಲಿಂದ ನಯಗೊಳಿಸುವ ಹಂತ ಮಾಡದೆ ಬಿಟ್ಟಾಗ ಬರುವ ಗುರುತು ಅದು. ನಿಮ್ಮ ಡಿ.ಎ. ಮೆಷಿನಿನಲ್ಲಿ ಇದು ಸುಲಭದಲ್ಲಿ ಹೋಗುತ್ತದೆ.

ಕ್ಲಿಯರ್ ಕೋಟ್ ವಿಷಯ. ಕಂಪೆನಿಯ ಪೈಂಟ್ ಪ್ರೈಮರ್‌ನಿಂದ ಮೇಲಿನವರೆಗೆ ಸುಮಾರು 100ರಿಂದ 130 ಮೈಕ್ರಾನ್ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್ ಪಾಲು 35ರಿಂದ 50. ತಲೆಕೂದಲೊಂದರ ದಪ್ಪ ಸುಮಾರು 70 ಮೈಕ್ರಾನ್, ಅಂದರೆ ನಿಮಗೆ ಕೆಲಸ ಮಾಡಲಿಕ್ಕೆ ಇರುವುದು ಕೂದಲಿಗಿಂತ ತೆಳುವಾದ ಒಂದು ಪದರ. ಮೃದು ಫೋಮ್ ಪ್ಯಾಡ್ ಮತ್ತು ಫಿನಿಶಿಂಗ್ ಪಾಲಿಶ್ ಎಲ್ಲ ಸುತ್ತೂ ಸೇರಿ ಒಂದು ಹಂತಕ್ಕೆ 1 ಮೈಕ್ರಾನಿಗಿಂತ ಕಡಿಮೆ ತೆಗೆಯುತ್ತದೆ. ಕಾಂಪೌಂಡ್ ಮತ್ತು ಕಟಿಂಗ್ ಪ್ಯಾಡ್ ಆದರೆ 2ರಿಂದ 4. ಒಂದೇ ಸಲಕ್ಕೆ ಎಂತ ಅನಾಹುತವೂ ಆಗುವುದಿಲ್ಲ. ಪ್ರತಿ ವರ್ಷ ಕಾಂಪೌಂಡ್ ಹೊಡೆಸುವವರ ಕಾರಿನ ಮೇಲ್ಛಾವಣಿ ಮತ್ತು ಬಾನೆಟ್ ಕೆಲವು ವರ್ಷದಲ್ಲಿ ಬಿಳಿಚಿ ಪೊರೆ ಏಳುತ್ತದೆ, ಯಾಕೆಂದರೆ ಬಿಸಿಲಿನ ನೇರಳಾತೀತ ಕಿರಣ ತಡೆಯುವ ಅಂಶ ಇರುವುದೂ ಅದೇ ಪದರದಲ್ಲಿ. ಮಾಡಬೇಕಾದ್ದು ಇಷ್ಟೇ: ಗೀರು ಹೋಗುವಷ್ಟು ಮಾತ್ರ ಸವೆಸುವುದು, ಹೋಗದ್ದನ್ನು ಬಿಡುವುದು. ಉಗುರು ಅಡ್ಡ ಎಳೆದಾಗ ತಡೆಯುವ ಗೀರಿಗೆ ಪಾಲಿಶ್ ಹಾಕಿ ಹಟ ಹಿಡಿಯಬೇಡಿ. ಅದರ ತಳ ಮುಟ್ಟುವಾಗ ಸುತ್ತಲಿನ ಕ್ಲಿಯರ್ ಕೋಟ್ ಮುಗಿದಿರುತ್ತದೆ.

ದಪ್ಪ ಅಳೆಯುವ ಗೇಜ್ ಯಾರ ಹತ್ತಿರವಾದರೂ ಸಿಕ್ಕಿದರೆ ಒಂದು ದಿನಕ್ಕೆ ತನ್ನಿ. ಒಂದು ಪ್ಯಾನೆಲ್‌ಗೆ ಐದಾರು ಕಡೆ ಇಟ್ಟು ನೋಡಿ. 200 ದಾಟಿದರೆ ಅಲ್ಲಿ ಪೈಂಟ್ ಆಗಿದೆ. 80ರ ಕೆಳಗೆ ಬಂದರೆ ಮೆಷಿನ್ ಇಡಬೇಡಿ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಸಾಮಾನ್ಯ ಗೇಜ್ ಅಲ್ಲಿ ಅಂಕಿ ಕೊಡುವುದಿಲ್ಲ, ಅಲ್ಲಿ ಮೃದು ಪ್ಯಾಡ್ ಬಿಟ್ಟು ಬೇರೆ ಬೇಡ. ಪ್ಲಾಸ್ಟಿಕ್ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ, ಪೈಂಟ್ ಬೇಗ ಸುಡುತ್ತದೆ.

ಈಗ ಕೆಲಸ. ತೊಳೆದು, ಡಾಮರಿನ ಚುಕ್ಕಿ ಇದ್ದರೆ ಟಾರ್ ರಿಮೂವರ್ ಹಾಕಿ ಒರಸಿ, ಆಮೇಲೆ ಐರನ್ ರಿಮೂವರ್ ಸ್ಪ್ರೇ ಮಾಡಿ. ಬ್ರೇಕಿನಿಂದ ಹಾರಿ ಅಂಟಿದ ಕಬ್ಬಿಣದ ಕಣ ಇರುವಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ. ಒಣಗಲಿಕ್ಕೆ ಬಿಡದೆ ತೊಳೆಯಿರಿ. ನಂತರ ಕ್ಲೇ, ಪೈಂಟಿಗೆ ಅಂಟಿದ ಕಣ ಎಳೆದು ತೆಗೆಯುವ ಜಿಗುಟು ಮುದ್ದೆ: ಬೆಂಕಿಪೆಟ್ಟಿಗೆಯಷ್ಟು ತುಂಡು ಸಾಕು, ಶಾಂಪೂ ನೀರು ಧಾರಾಳ ಹಾಕಿ ಭಾರ ಕೊಡದೆ ನೇರ ಗೆರೆಯಲ್ಲಿ ಓಡಿಸಿ. ಕೆಳಗೆ ಬಿದ್ದ ಕ್ಲೇಯನ್ನು ಬಿಸಾಡಿ, ನಮ್ಮ ಅಂಗಳದ ಹೊಯಿಗೆ ಕಣ ಒಂದು ಒಳಗೆ ಸಿಕ್ಕಿದರೆ ಅದೇ ಹೊಸ ಗೀರು. ಕ್ಲೇ ಕೂಡ ಸಣ್ಣ ಗೀರು ಮಾಡುತ್ತದೆ, ಹಾಗಾಗಿ ಪಾಲಿಶ್ ಮಾಡುವ ಮೊದಲು ಮಾತ್ರ.

ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ವೈಪರ್ ಪಕ್ಕ, ಬಾನೆಟ್ ಅಂಚು, ಬಾಗಿಲಿನ ಉದ್ದದ ಮಡಿಕೆ, ಇಷ್ಟಕ್ಕೂ ಮಾಸ್ಕಿಂಗ್ ಟೇಪ್. ಅಂಚಿನಲ್ಲಿ ಪೈಂಟ್ ತೆಳು, ಮೆಷಿನಿನ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಕೂರುತ್ತದೆ. ಪೈಂಟ್ ಕಿತ್ತು ಪ್ರೈಮರ್ ಕಂಡ ಕಾರುಗಳಲ್ಲಿ ಹೆಚ್ಚಿನದ್ದು ಹೋದದ್ದು ಅಂಚಿನಲ್ಲೇ.

ಬಾನೆಟ್‌ನಲ್ಲಿ ಒಂದೂವರೆ ಅಡಿ ಚೌಕಕ್ಕೆ ಟೇಪ್ ಹಚ್ಚಿ, ಅಲ್ಲೇ ಪರೀಕ್ಷೆ. ಮೊದಲು ಫಿನಿಶಿಂಗ್ ಪ್ಯಾಡ್, ಫಿನಿಶಿಂಗ್ ಪಾಲಿಶ್. ಮೆಗ್ವೈಯರ್ಸ್ 205, ಮೆನ್ಜೆರ್ನಾ 3500 ಈ ಜಾತಿಯವು. ಸಾಕಾಗದಿದ್ದರೆ ಅದೇ ಪಾಲಿಶ್, ಒಂದು ಮೆಟ್ಟಿಲು ಗಟ್ಟಿ ಪ್ಯಾಡ್. ಆಗಲೂ ಸಾಕಾಗದಿದ್ದರೆ ಮೆನ್ಜೆರ್ನಾ 2500ರಂತಹ ಮಧ್ಯಮ. ಆ ಕಂಪೆನಿಯ ಅಂಕಿ ಕಡಿಮೆಯಾದಷ್ಟೂ ಒರಟು ಜಾಸ್ತಿ, 400 ಅಂದರೆ ಪೂರಾ ಕಾಂಪೌಂಡ್. ಪ್ಯಾಡಿನ ಬಣ್ಣ ನೋಡಿ ತೆಗೆದುಕೊಳ್ಳಬೇಡಿ, ಒಂದೊಂದು ಕಂಪೆನಿಗೆ ಒಂದೊಂದು ಬಣ್ಣ, ಪೊಟ್ಟಣದ ಮೇಲೆ ಕಟಿಂಗ್, ಪಾಲಿಶಿಂಗ್, ಫಿನಿಶಿಂಗ್ ಅಂತ ಬರೆದದ್ದನ್ನು ಓದಿ.

ಹೊಸ ಪ್ಯಾಡಿಗೆ ಮೊದಲ ಸಲ ಪಾಲಿಶನ್ನು ಬೆರಳಿನಿಂದ ಇಡೀ ಮುಖಕ್ಕೆ ತೆಳುವಾಗಿ ಉಜ್ಜಿ. ಆಮೇಲೆ ಪ್ರತಿ ಚೌಕಕ್ಕೆ ಕಡಲೆಕಾಳಿನಷ್ಟು 4 ಹನಿ. ಮೆಷಿನ್ ನಿಲ್ಲಿಸಿಯೇ ಪ್ಯಾಡನ್ನು ಚೌಕದ ಮೇಲೆ ಅಲ್ಲಲ್ಲಿ ಒತ್ತಿ, ವೇಗದ ಡಯಲ್ 1ರಲ್ಲಿ ಹರಡಿ, ಆಮೇಲೆ 5ಕ್ಕೆ ಏರಿಸಿ. ಉದ್ದಕ್ಕೆ ಒಂದು ಸುತ್ತು, ಅಡ್ಡಕ್ಕೆ ಒಂದು ಸುತ್ತು, ಪ್ರತಿ ಗೆರೆ ಹಿಂದಿನದರ ಅರ್ಧ ಮುಚ್ಚಬೇಕು. ಹೀಗೆ ಒಟ್ಟು 4ರಿಂದ 6 ಸುತ್ತು. ಕೈಯ ವೇಗದಲ್ಲಿಯೇ ಎಲ್ಲರೂ ತಪ್ಪುವುದು: ಒಂದು ಅಡಿ ದಾಟಲಿಕ್ಕೆ 8ರಿಂದ 10 ಸೆಕೆಂಡ್ ಬೇಕು, ನೋಡುವವರಿಗೆ ಬೇಸರ ಬರುವಷ್ಟು ನಿಧಾನ. ಒತ್ತಡ ಎಷ್ಟು ಅಂತ ಅಂದಾಜಾಗದಿದ್ದರೆ ಮೆಷಿನನ್ನು ನಿಲ್ಲಿಸಿ ತೂಕದ ಮೆಷಿನ್ ಮೇಲೆ ಒತ್ತಿ ನೋಡಿ, 4ರಿಂದ 5 ಕಿಲೋ ತೋರಿಸಿದರೆ ಅದೇ ಕೈಭಾರ. ಕೊನೆಯ ಒಂದು ಸುತ್ತಿಗೆ ಒತ್ತಡ ತೆಗೆದು, ಡಯಲ್ 3.

ಪ್ಲೇಟಿನ ಬದಿಗೆ ಮಾರ್ಕರಿನಲ್ಲಿ ದಪ್ಪ ಗೆರೆ ಒಂದು ಎಳೆಯಿರಿ. ಓಡುವಾಗ ಆ ಗೆರೆ ಸುತ್ತುತ್ತಿದ್ದರೆ ಸರಿ. ನಿಂತು ಬರೇ ನಡುಗುತ್ತಿದ್ದರೆ ಪ್ಯಾಡ್ ಕತ್ತರಿಸುತ್ತಿಲ್ಲ, ಬಿಸಿ ಮಾತ್ರ ಮಾಡುತ್ತಿದೆ. ಪ್ಯಾಡ್ ಓರೆಯಾಗಿದ್ದರೂ, ಒತ್ತಡ ಜಾಸ್ತಿಯಾದರೂ 8 ಮಿ.ಮೀ. ಮೆಷಿನ್ ನಿಲ್ಲುತ್ತದೆ. 15 ಮತ್ತು 21 ಮಿ.ಮೀ. ಮೆಷಿನ್ ವಕ್ರ ಪ್ಯಾನೆಲ್‌ನಲ್ಲಿ ಇನ್ನೂ ಬೇಗ ನಿಲ್ಲುತ್ತವೆ, ಆ ವಿಷಯದಲ್ಲಿ ನಿಮ್ಮದು ಒಳ್ಳೆಯ ಆಯ್ಕೆ.

ಒರಸಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹೊಡೆದು ನೋಡದೆ ಗೀರು ಹೋಯಿತು ಅಂತ ತೀರ್ಮಾನಿಸಬೇಡಿ. ಒಂದು ಪಾಲಿಗೆ ಐದು ಪಾಲು ಬ್ಯಾಟರಿ ನೀರು (ಡಿಸ್ಟಿಲ್ಡ್ ನೀರು, ಆಸಿಡ್ ಅಲ್ಲ) ಸೇರಿಸಿ ಸ್ಪ್ರೇ ಬಾಟ್ಲಿಯಲ್ಲಿಡಿ. ಪಾಲಿಶಿನ ಎಣ್ಣೆ ಹೋಗಿ ನಿಜವಾದ ಮೇಲ್ಮೈ ಕಾಣುವುದು ಆವಾಗ. ಇನ್ನೂ ಗಟ್ಟಿ ಮಾಡಿದರೆ ಲಾಭ ಇಲ್ಲ, ಮೃದು ಕ್ಲಿಯರ್ ಕೋಟ್ ಉಬ್ಬಿ ಗೀರು ತಾತ್ಕಾಲಿಕವಾಗಿ ಮರೆಯಾಗುವುದೂ ಉಂಟು.

ಉತ್ತರ: ಉಪ್ಪಳ

ಮಂಜೇಶ್ವರದವರು ಹೇಳಿದ ಕ್ರಮ ಸರಿ. ಒಂದು ಕಡೆ ನನ್ನ ಅಭಿಪ್ರಾಯ ಬೇರೆ. ಹಾಲೋಗ್ರಾಂ ಇರುವ ಕಾರಿಗೆ ಫಿನಿಶಿಂಗ್‌ನಿಂದ ಶುರು ಮಾಡಿ ಮೇಲೆ ಹತ್ತುತ್ತಾ ಹೋಗುವುದು ಸಮಯ ತಿನ್ನುತ್ತದೆ. ಮಧ್ಯಮ ಪಾಲಿಶ್ ಮತ್ತು ಪಾಲಿಶಿಂಗ್ ಪ್ಯಾಡ್, ಒಂದೇ ಹಂತ: 100ರಲ್ಲಿ 80 ಪಾಲು ಗೀರು ಹೋಗುತ್ತದೆ, ಉಳಿದದ್ದು ದಾರಿಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಬಲೆನೊದಷ್ಟು ದೊಡ್ಡ ಕಾರಿಗೆ 5ರಿಂದ 6 ಗಂಟೆ. ಎರಡು ಹಂತ ಮಾಡಿದರೆ ಹೆಚ್ಚುಕಡಿಮೆ ದುಪ್ಪಟ್ಟು. ದಿನಾ ಓಡಾಡುವ ಕಾರಿಗೆ ಎರಡು ಹಂತದ ಅಗತ್ಯ ಇಲ್ಲ ಅಂತ ನನ್ನ ಬಲವಾದ ನಂಬಿಕೆ. ಉಳಿಸಿದ ಮೈಕ್ರಾನ್ ಐದು ವರ್ಷದ ನಂತರ ಬೇಕಾಗುತ್ತದೆ.

ನಮ್ಮ ಊರಿನಲ್ಲಿ ಯಾವ ಹೊತ್ತಿಗೆ ಮಾಡುತ್ತೀರಿ ಅನ್ನುವುದೂ ಮುಖ್ಯ. ಏಪ್ರಿಲ್, ಮೇಯಲ್ಲಿ ಬಿಸಿಲಿಗೆ ನಿಂತ ಕಡು ಬಣ್ಣದ ಬಾನೆಟ್ 60 ಡಿಗ್ರಿ ದಾಟುತ್ತದೆ, ಅದರ ಮೇಲೆ ಪಾಲಿಶ್ ಹಾಕಿದರೆ ಒಂದು ಸುತ್ತು ಮುಗಿಯುವ ಮೊದಲು ಒಣಗಿ ಸಿಮೆಂಟಿನ ಹಾಗೆ ಹಿಡಿಯುತ್ತದೆ. ಅಂಗೈ ಇಟ್ಟರೆ ತಂಪು ಅನ್ನಿಸುವ ಪ್ಯಾನೆಲ್ ಬೇಕು. ಬೆಳಿಗ್ಗೆ 6ರಿಂದ 10, ಮಾಡಿನ ಅಡಿಯಲ್ಲಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವಾಗ ಧೂಳು ಬರುತ್ತದೆ, ಒದ್ದೆ ಪಾಲಿಶ್ ಮೇಲೆ ಕೂತರೆ ಪ್ಯಾಡ್ ಅದನ್ನೇ ಅರೆಯುತ್ತದೆ. ಮಳೆಗಾಲದಲ್ಲಿ ಇದಕ್ಕೆ ಉಲ್ಟಾ: ಗಾಳಿಯಲ್ಲಿ ತೇವ ಜಾಸ್ತಿ, ಪಾಲಿಶ್ ಬೇಗ ಒಣಗುವುದಿಲ್ಲ, ಒರಸಿದಷ್ಟೂ ಜಿಡ್ಡು ಎಳೆಯುತ್ತದೆ. ಆವಾಗ 4 ಹನಿಯ ಬದಲು 3.

ಕರೆಂಟಿನ ವಿಷಯ ಯಾರೂ ಹೇಳುವುದಿಲ್ಲ. ವೋಲ್ಟೇಜ್ ಇಳಿದಾಗ ಡಯಲ್ 5ರಲ್ಲಿದ್ದರೂ ಮೆಷಿನ್ 4ರ ಹಾಗೆ ಓಡುತ್ತದೆ, ಗೀರು ಹೋಗದಾಗ ನೀವು ಪಾಲಿಶನ್ನು ದೂರುತ್ತೀರಿ. ಸಪೂರ ವೈರಿನ ಉದ್ದದ ಎಕ್ಸ್‌ಟೆನ್ಶನ್ ಬೇಡ, 1.5 ಚದರ ಮಿ.ಮೀ. ವೈರಿನದ್ದು ತನ್ನಿ. ಒದ್ದೆ ನೆಲದಲ್ಲಿ ನಿಂತು ಓಡಿಸಬೇಡಿ.

ಕಬ್ಬಿಣ ಕತ್ತರಿಸುವ ಗ್ರೈಂಡರಿಗೆ ಉಣ್ಣೆ ಪ್ಯಾಡ್ ಸಿಕ್ಕಿಸಿ ಮಾಡಬಹುದಲ್ಲ ಅಂತ ಯಾರಾದರೂ ಹೇಳಿದರೆ ಕಿವಿ ಕೊಡಬೇಡಿ. ಅದು ನಿಮಿಷಕ್ಕೆ 10,000ಕ್ಕಿಂತ ಹೆಚ್ಚು ಸುತ್ತು ತಿರುಗುತ್ತದೆ. ರೋಟರಿ ಪಾಲಿಶರಿನಲ್ಲಿ ಕೆಲಸ ಮಾಡುವುದೇ 1,000ದಿಂದ 2,000ದ ಒಳಗೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪೈಂಟ್ ಸುಡುತ್ತದೆ.

ಉತ್ತರ: ಮುಳ್ಳೇರಿಯ

ಮದ್ದಿನ ಚುಕ್ಕಿಗೆ ಉತ್ತರ ಬರೆಯುತ್ತೇನೆ, ಇಲ್ಲಿ ತೋಟದ ನಡುವೆ ಕಾರು ಇಡುವ ಎಲ್ಲರಿಗೂ ಇರುವ ತಾಪತ್ರಯ ಇದು.

ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದು ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅಡಿಕೆ ಗೊನೆಗೆ ತಾಗಲಿ ಅಂತ ಎತ್ತರಕ್ಕೆ ಹಾರಿಸುವಾಗ ಸಣ್ಣ ಹನಿ ಗಾಳಿಗೆ ಸಿಕ್ಕಿ ಅಂಗಳದವರೆಗೆ ಬರುತ್ತದೆ. ಒಣಗಿದ ಮೇಲೆ ಉಳಿಯುವುದು ಬರೇ ಬಣ್ಣ ಅಲ್ಲ, ಸುಣ್ಣ ಗಾಳಿಗೆ ಗಟ್ಟಿಯಾಗಿ ತಾಮ್ರದ ಅಂಶವನ್ನೂ ಹಿಡಿದುಕೊಂಡ ಹೊಪ್ಪಳೆ. ಮಳೆಗೆ ತೊಳೆದು ಹೋಗಬಾರದು ಅಂತಲೇ ಮಾಡಿದ ಮದ್ದು ಅದು, ಶಾಂಪೂವಿಗೆ ಹೋಗುವುದಿಲ್ಲ. ಒಣ ಬಟ್ಟೆಯಲ್ಲಿ ಉಜ್ಜಿದರೆ ಚುಕ್ಕಿ ಪುಡಿಯಾಗಿ ಅದೇ ಮರಳು ಕಾಗದದ ಕೆಲಸ ಮಾಡುತ್ತದೆ. ಪಾಲಿಶ್ ಪ್ಯಾಡಿನಡಿಗೆ ಸಿಕ್ಕಿದರೆ ಇನ್ನೂ ಕಷ್ಟ, ಚಕ್ಕುಲಿಯ ಹಾಗೆ ಸುರುಳಿ ಸುರುಳಿ ಗೀರು ಬೀಳುತ್ತದೆ. ಹಾಗಾಗಿ ಮೊದಲು ತೆಗೆಯಲೇಬೇಕು, ಕ್ಲೇಗಿಂತಲೂ ಮೊದಲು.

ಬಿಳಿ ವಿನೆಗರ್ ಅರ್ಧ, ನೀರು ಅರ್ಧ. ಕಾರು ನೆರಳಿನಲ್ಲಿ ತಂಪಾಗಿರಬೇಕು. ಮೆತ್ತಗಿನ ಬಟ್ಟೆಯನ್ನು ಅದರಲ್ಲಿ ಅದ್ದಿ ಚುಕ್ಕಿಗಳ ಮೇಲೆ ಹಾಸಿ ಬಿಡಿ, ಒಂದೆರಡು ನಿಮಿಷ. ಹೊಪ್ಪಳೆ ದಪ್ಪ ಇದ್ದರೆ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ, ಸುಣ್ಣ ಕರಗುತ್ತಿದೆ ಅಂತ ಅರ್ಥ. ಬಟ್ಟೆ ಎತ್ತಿ, ಧಾರಾಳ ನೀರು ಬಿಡಿ. ಉಜ್ಜುವುದು ಬೇಡ, ಹೋಗದಿದ್ದರೆ ಅದನ್ನೇ ಇನ್ನೆರಡು ಸಲ ಮಾಡಿ. ಒಣಗಲಿಕ್ಕೆ ಬಿಡಬೇಡಿ. ಕೊನೆಗೆ ಶಾಂಪೂ ಹಾಕಿ ತೊಳೆದರೆ ಹುಳಿ ಉಳಿಯುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ನೀರು ಮಾಡಿ ಹಾಕುವವರಿದ್ದಾರೆ, ಅದು ಕ್ರೋಮ್, ನಟ್ಟು, ಬ್ರೇಕ್ ಡಿಸ್ಕ್ ಎಲ್ಲವನ್ನೂ ತಿನ್ನುತ್ತದೆ.

ಚುಕ್ಕಿ ಹೋದ ಮೇಲೂ ಅದರ ಜಾಗದಲ್ಲಿ ಮಸುಕು ಉಂಗುರ ಉಳಿದರೆ ಕ್ಲಿಯರ್ ಕೋಟ್ ಸ್ವಲ್ಪ ತಿಂದಿದೆ. ಅದಕ್ಕೆ ಪಾಲಿಶ್. ಮುಂದಿನ ಸಲ ಮದ್ದು ಬಿಡುವ ದಿನ ಕಾರನ್ನು ಮಾರ್ಗದ ಬದಿಗೆ ಒಯ್ದಿಡಿ. ಧೂಳು ಇರುವ ಕಾರಿಗೆ ಕವರ್ ಹಾಕಬೇಡಿ, ಗಾಳಿಗೆ ಕವರ್ ಅಲ್ಲಾಡುತ್ತಾ ಇಡೀ ದಿನ ಉಜ್ಜುತ್ತದೆ.

ಬದಿಯಡ್ಕ

ತುಂಬ ಉಪಕಾರ. ವಿನೆಗರಿಗೆ ಚುಕ್ಕಿಗಳು ಎರಡೇ ಸಲಕ್ಕೆ ಹೋದವು, ಮೂರು ಕಡೆ ಉಂಗುರ ಉಳಿದಿದೆ.

ಬಾನೆಟ್‌ನಲ್ಲಿ ಪರೀಕ್ಷೆ ಮಾಡಿದೆ. ಫಿನಿಶಿಂಗ್ ಪ್ಯಾಡಿನಲ್ಲಿ ಹಾಲೋಗ್ರಾಂ ಹೋಯಿತು, ಸುಳಿ ಗೀರು ಅರ್ಧಕ್ಕರ್ಧ ಉಳಿಯಿತು. ಪಾಲಿಶಿಂಗ್ ಪ್ಯಾಡ್, ಮಧ್ಯಮ ಪಾಲಿಶ್ ಹಾಕಿದಾಗ ಮೊದಲ ಎರಡು ಚೌಕ ಬಹಳ ಚೆಂದ ಬಂತು. ನಾಲ್ಕನೆಯ ಚೌಕದಿಂದ ಪಾಲಿಶ್ ಬಿಳಿ ಪುಡಿಯಾಗಿ ಹಾರಲಿಕ್ಕೆ ಶುರು, ಒರಸುವಾಗ ಅಂಟು ಅಂಟು. ಟಾರ್ಚ್ ಹಿಡಿದರೆ ಗೀರಿಲ್ಲ, ಅದರ ಬದಲು ತೆಳು ಮಂಜು ಕವಿದ ಹಾಗೆ ಉಂಟು. ಅಲ್ಲಲ್ಲಿ ಒರಸಿದ ದಿಕ್ಕಿಗೇ ಸಪೂರ ಗೆರೆಗಳೂ ಕಾಣುತ್ತಿವೆ. ಮೆಷಿನ್ ಓಡುತ್ತಿದೆ, ಮಾರ್ಕರ್ ಗೆರೆ ಸುತ್ತುತ್ತಿದೆ. ಎಲ್ಲಿ ತಪ್ಪುತ್ತಿದೆ? ಪೈಂಟ್ ಆದ ಬಾಗಿಲಿಗೂ ಇದೇ ಕ್ರಮವಾ?

ಉತ್ತರ: ಮಂಜೇಶ್ವರ

ನೀವು ಬರೆದದ್ದರಲ್ಲೇ ಉತ್ತರ ಉಂಟು. ಎರಡು ಚೌಕ ಚೆಂದ ಬಂದು ನಾಲ್ಕನೆಯದ್ದು ಕೆಟ್ಟಿತು ಅಂದರೆ ಪಾಲಿಶ್ ಸರಿ, ಮೆಷಿನ್ ಸರಿ, ಪ್ಯಾಡ್ ತುಂಬಿದೆ. ಪ್ರತಿ ಚೌಕದಲ್ಲೂ ಸವೆದ ಕ್ಲಿಯರ್ ಕೋಟ್ ಪುಡಿ ಮತ್ತು ಹಳೆ ಪಾಲಿಶ್ ಸೇರಿ ಫೋಮಿನ ತೂತುಗಳಲ್ಲಿ ಮುದ್ದೆ ಕಟ್ಟುತ್ತದೆ. ಅದರ ಮೇಲೆ ಹೊಸ ಹನಿ ಹಾಕಿದರೆ ಎಲ್ಲ ಸೇರಿ ಹಿಟ್ಟಿನ ಹಾಗಾಗುತ್ತದೆ. ಪ್ಯಾಡನ್ನು ಓರೆ ಹಿಡಿದು ಬೆಳಕಿಗೆ ನೋಡಿ, ಮುಖದಲ್ಲಿ ಮೇಣ ಸವರಿದ ಹಾಗೆ ಹೊಳೆಯುವ ಪಟ್ಟಿ ಕಂಡರೆ ಅದೇ.

ಪ್ರತಿ ಎರಡು ಚೌಕಕ್ಕೊಮ್ಮೆ ಮೆಷಿನನ್ನು ನಿಧಾನ ಓಡಿಸುತ್ತಾ ಮೆತ್ತಗಿನ ನೈಲಾನ್ ಬ್ರಷ್ಷನ್ನು ಪ್ಯಾಡಿಗೆ ಹಿಡಿಯಿರಿ, ಹತ್ತು ಸೆಕೆಂಡ್ ಸಾಕು. ಒಂದು ಪ್ಯಾನೆಲ್ ಮುಗಿದರೆ ಪ್ಯಾಡ್ ಬದಲಿಸಿ. ಇಡೀ ಕಾರಿಗೆ ಕಡಿಮೆಯೆಂದರೆ 5 ಪ್ಯಾಡ್ ಬೇಕು, ಒಂದೇ ಪ್ಯಾಡಿನಲ್ಲಿ ಮಾಡಲಿಕ್ಕೆ ಹೋದರೆ ಮಂಜು ಖಂಡಿತ. ಬಿಸಿಯಾದ ಪ್ಯಾಡ್ ಮೆತ್ತಗಾಗಿ ಕತ್ತರಿಸುವುದನ್ನು ಬಿಡುತ್ತದೆ, ಹಿಂದಿನ ವೆಲ್ಕ್ರೋ ಬಿಟ್ಟು ಬರುವುದೂ ಉಂಟು. ತೆಗೆದ ಪ್ಯಾಡನ್ನು ಶಾಂಪೂ ನೀರಿನಲ್ಲಿ ಹಾಕಿ ಹಿಂಡಿ, ವೆಲ್ಕ್ರೋ ಮೇಲೆ ಮುಖ ಕೆಳಗೆ ಮಾಡಿ ಒಣಗಿಸಿ. ಬಿಸಿಲಿಗೆ ಬೇಡ.

ಮಂಜಿಗೆ ಇನ್ನೊಂದು ಕಾರಣವೂ ಇರಬಹುದು. ನಿಮ್ಮ ಕಾರಿನ ಕ್ಲಿಯರ್ ಕೋಟ್ ಮೃದು ಜಾತಿಯದ್ದು ಅಂತ ತೋರುತ್ತದೆ, ಯಾಕೆಂದರೆ ಫಿನಿಶಿಂಗ್ ಪ್ಯಾಡಿಗೇ ಅರ್ಧ ಗೀರು ಹೋಗಿದೆ. ಮೃದು ಪೈಂಟಿನಲ್ಲಿ ಗೀರು ಬೇಗ ಹೋಗುತ್ತದೆ, ಪ್ಯಾಡಿನದ್ದೇ ಗುರುತು ಬೇಗ ಬೀಳುತ್ತದೆ. ತೊಳೆದ ಪ್ಯಾಡಿನಲ್ಲೂ ಮಂಜು ಬಂದರೆ ಮಧ್ಯಮ ಪಾಲಿಶನ್ನು ಅದೇ ಪಾಲಿಶಿಂಗ್ ಪ್ಯಾಡಿನಲ್ಲಿ ಇಡೀ ಕಾರಿಗೆ ಮುಗಿಸಿ, ಆಮೇಲೆ ಫಿನಿಶಿಂಗ್ ಪ್ಯಾಡ್, ಫಿನಿಶಿಂಗ್ ಪಾಲಿಶ್, ಡಯಲ್ 4, ಬರೇ ಮೆಷಿನಿನ ಭಾರ, 3 ಸುತ್ತು. ಉಪ್ಪಳದವರು ಒಂದೇ ಹಂತ ಸಾಕು ಅಂದದ್ದನ್ನು ತಿಳಿ ಬಣ್ಣದ ಕಾರಿಗೆ ಪೂರಾ ಒಪ್ಪುತ್ತೇನೆ. ಕಡು ನೀಲಿಯಲ್ಲಿ ಮಂಜು ಉಳಿದರೆ ಬಣ್ಣದ ಆಳವೇ ಹೋಗುತ್ತದೆ. ಆ ಎರಡನೆಯ ಹಂತ ತೆಗೆಯುವುದು 1 ಮೈಕ್ರಾನಿಗಿಂತ ಕಡಿಮೆ.

ಒರಸಿದ ದಿಕ್ಕಿನ ಗೆರೆ ಬಟ್ಟೆಯದ್ದು. ಪರೀಕ್ಷೆ ಸುಲಭ: ಚೆನ್ನಾಗಿ ಬಂದ ಮೊದಲ ಚೌಕದ ಮೇಲೆ ಪಾಲಿಶ್ ಇಲ್ಲದೆ, ಆಲ್ಕೋಹಾಲ್ ನೀರು ಮಾತ್ರ ಹೊಡೆದು ಅದೇ ಬಟ್ಟೆಯಲ್ಲಿ ಒರಸಿ ಟಾರ್ಚ್ ಹಿಡಿಯಿರಿ. ಹೊಸ ಗೆರೆ ಬಿದ್ದರೆ ಬಟ್ಟೆ ಬಿಸಾಡಿ. ಅಂಗಡಿಯಿಂದ ತಂದ ಮೈಕ್ರೋಫೈಬರನ್ನು ಹಳೆ ಸಿ.ಡಿ.ಯ ಹೊಳೆಯುವ ಬದಿಗೆ ಉಜ್ಜಿ ನೋಡಿದರೂ ಗೊತ್ತಾಗುತ್ತದೆ. ಎಷ್ಟೋ ಸಲ ಬಟ್ಟೆ ಸರಿ ಇರುತ್ತದೆ, ಮೂಲೆಯ ಲೇಬಲ್ ಅಥವಾ ನೈಲಾನ್ ದಾರದ ಹೊಲಿಗೆ ಗೀರುತ್ತದೆ.

ಪೈಂಟ್ ಆದ ಬಾಗಿಲಿಗೆ ಮತ್ತೆ ಪರೀಕ್ಷೆ ಮಾಡಲೇಬೇಕು, ಬಾನೆಟ್‌ನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಗ್ಯಾರೇಜಿನ ಕ್ಲಿಯರ್ ಕೋಟ್ ದಪ್ಪ ಇದ್ದರೂ ಕೆಲವೊಮ್ಮೆ ತುಂಬ ಮೃದು. ಮೊದಲೇ ಒಬ್ಬರು ಅದನ್ನು ಮರಳು ಕಾಗದ ಹಾಕಿ ಉಜ್ಜಿ ಪಾಲಿಶ್ ಮಾಡಿರುತ್ತಾರೆ, ಎಷ್ಟು ಉಳಿದಿದೆ ಅಂತ ಗೇಜಿನ ಒಟ್ಟು ಅಂಕಿಯಲ್ಲಿ ಗೊತ್ತಾಗುವುದಿಲ್ಲ, ಯಾಕೆಂದರೆ ಕೆಳಗೆ ಪುಟ್ಟಿ ಹಾಕಿದ ದಪ್ಪವೂ ಅದರಲ್ಲಿ ಸೇರಿರುತ್ತದೆ. ಅಲ್ಲಿ ಫಿನಿಶಿಂಗ್ ಪ್ಯಾಡಿನಲ್ಲಿ ಎಷ್ಟು ಹೋಗುತ್ತದೋ ಅಷ್ಟಕ್ಕೆ ನಿಲ್ಲಿಸಿ. ಬಿಳಿ ಬಟ್ಟೆಗೆ ನೀಲಿ ಬಣ್ಣ ಹತ್ತಿದರೆ ಕ್ಲಿಯರ್ ಕೋಟ್ ಮುಗಿದಿದೆ, ಕೂಡಲೇ ಮೆಷಿನ್ ತೆಗೆಯಿರಿ. ಉಂಗುರ ಉಳಿದ ಮೂರು ಕಡೆಗೆ ಇಡೀ ಮೇಲ್ಛಾವಣಿ ಬೇಡ, ಸಣ್ಣ ಪ್ಯಾಡ್ ಇದ್ದರೆ ಅಷ್ಟಕ್ಕೇ ಮಧ್ಯಮ ಪಾಲಿಶ್ ಎರಡು ಸಲ ಹಾಕಿ ನೋಡಿ.

ಉತ್ತರ: ಕುಂಬಳೆ

ಇಷ್ಟೆಲ್ಲ ಮಾಡಿದ ಮೇಲೆ ಮತ್ತೆ ಬೈರಾಸು ತೆಗೆದುಕೊಂಡು ಒರಸಿದರೆ ಒಂದೇ ತಿಂಗಳಿನಲ್ಲಿ ಬಲೆ ವಾಪಸ್ ಬರುತ್ತದೆ. ಗೀರು ಮಾಡುವುದು ನೀರಲ್ಲ, ಶಾಂಪೂ ಅಲ್ಲ, ಧೂಳಿನ ಮೇಲೆ ಬಟ್ಟೆ ಎಳೆಯುವುದು. ನಮ್ಮ ಮುರಕಲ್ಲಿನ ಕೆಂಪು ಧೂಳು ನೋಡಲಿಕ್ಕೆ ಹಿಟ್ಟಿನ ಹಾಗಿದ್ದರೂ ಅದರಲ್ಲಿ ಹೊಯಿಗೆಯ ಕಣ ಇರುತ್ತದೆ, ಯಾವ ಕ್ಲಿಯರ್ ಕೋಟಿಗಿಂತಲೂ ಗಟ್ಟಿ. ಬೆಳಿಗ್ಗೆ ಹೊರಡುವ ಮೊದಲು ಒಣ ಬಟ್ಟೆಯಲ್ಲಿ ಕೊಡವುವುದು ಇಡೀ ಜಿಲ್ಲೆಯ ಅಭ್ಯಾಸ. ಅದೊಂದನ್ನು ನಿಲ್ಲಿಸಿದರೆ ಅರ್ಧ ಕೆಲಸ ಆದ ಹಾಗೆ.

ತೊಳೆಯುವ ಕ್ರಮ: ಮೊದಲು ಪೈಪಿನಲ್ಲಿ ಮೇಲಿಂದ ಕೆಳಕ್ಕೆ ನೀರು ಬಿಟ್ಟು ಸಡಿಲ ಧೂಳು ಇಳಿಸಿ. ಎರಡು ಬಾಲ್ದಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೇ ನೀರು. ಬಟ್ಟೆ ಸೋಪಿನ ಪುಡಿ ಬೇಡ, ಹಚ್ಚಿದ ವ್ಯಾಕ್ಸ್ ಎಲ್ಲ ಎಳೆದುಕೊಂಡು ಹೋಗುತ್ತದೆ. ಮೈಕ್ರೋಫೈಬರ್ ಗವುಸನ್ನು ಪ್ರತಿ ಪ್ಯಾನೆಲ್ ಆದ ಮೇಲೆ ನೀರಿನ ಬಾಲ್ದಿಯಲ್ಲಿ ಅಲುಬಿಸಿ, ಆಮೇಲೆ ಶಾಂಪೂವಿಗೆ ಅದ್ದಿ. ಕೆಲಸ ಮುಗಿದ ಮೇಲೆ ಆ ನೀರಿನ ಬಾಲ್ದಿಯ ತಳಕ್ಕೆ ಕೈ ಹಾಕಿ ನೋಡಿ, ಕೂತಿರುವ ಕೆಂಪು ಹೊಯಿಗೆ ಬೆರಳಿಗೆ ಸಿಗುತ್ತದೆ. ಒಂದೇ ಬಾಲ್ದಿ ಆಗಿದ್ದರೆ ಅಷ್ಟೂ ಬಾನೆಟ್ ಮೇಲೆ ಓಡುತ್ತಿತ್ತು. ಬಾಗಿಲಿನ ಕೆಳಭಾಗ ಕೊನೆಗೆ, ಚಕ್ರಕ್ಕೆ ಬೇರೆಯೇ ಬಟ್ಟೆ.

ಕೊನೆಯ ನೀರು ಯಾವುದು ಅನ್ನುವುದನ್ನೂ ನೋಡಿ. ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರು ಒಣಗಿದರೆ ಹಳದಿ ಕಲೆ ಬಿಡುತ್ತದೆ. ಬಾವಿ ನೀರು ವಾಸಿ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಬರುವ ಮನೆಯಾದರೆ ಅದಕ್ಕಿಂತ ಒಳ್ಳೆಯದಿಲ್ಲ, ಲವಣ ಕಡಿಮೆ. ಒರಸುವಾಗ ದಪ್ಪ ಮೈಕ್ರೋಫೈಬರ್ ಟವೆಲನ್ನು ಹಾಸಿ ನಿಧಾನ ಎಳೆಯಿರಿ, ಉಜ್ಜಬೇಡಿ. ಆ ಟವೆಲನ್ನು ಮನೆಯ ಬಟ್ಟೆಯೊಟ್ಟಿಗೆ ಒಗೆಯಬಾರದು, ಕಂಫರ್ಟ್ ಹಾಕಬಾರದು. ಅಡಿಕೆ ಒಣ ಹಾಕಿದ ಅಂಗಳದಲ್ಲಿ ಹರಡಲೂಬಾರದು. ಸಿಪ್ಪೆಯ ನಾರು ಒಂದು ಎಳೆ ಹೊಕ್ಕರೆ ಎಷ್ಟು ಕೊಡವಿದರೂ ಬರುವುದಿಲ್ಲ.

ಬದಿಯಡ್ಕ

ಬಟ್ಟೆಯ ಲೇಬಲೇ ಆಗಿತ್ತು. ಕತ್ತರಿಸಿ ತೆಗೆದ ಮೇಲೆ ಗೆರೆ ಇಲ್ಲ. ಪ್ಯಾಡ್ ತೊಳೆದು ಒಣಗಿಸಿ ನಾಲ್ಕನೆಯ ಚೌಕ ಮತ್ತೆ ಮಾಡಿದೆ, ಪುಡಿ ಹಾರಲಿಲ್ಲ, ಮಂಜು ಮುಕ್ಕಾಲು ಪಾಲು ಹೋಯಿತು. ಉಳಿದದ್ದನ್ನು ಫಿನಿಶಿಂಗ್ ಹಂತಕ್ಕೆ ಬಿಟ್ಟಿದ್ದೇನೆ. ಕೊನೆಗೆ ಪೈಂಟ್ ಕಾಪಾಡಲಿಕ್ಕೆ ಹಚ್ಚುವುದು ವ್ಯಾಕ್ಸಾ, ಸೀಲೆಂಟಾ? ಮಳೆ ಹತ್ತಿರ ಬಂತು.

ಉತ್ತರ: ಉಪ್ಪಳ

ಸಿಂಥೆಟಿಕ್ ಸೀಲೆಂಟ್. ಕಾರ್ನಾಬಾ ವ್ಯಾಕ್ಸ್ ಹೊಳಪು ಕೊಡುತ್ತದೆ, ನಮ್ಮ ಜೂನ್, ಜುಲೈ ಮಳೆಗೆ ನಿಲ್ಲುವುದಿಲ್ಲ. ಹಚ್ಚುವ ಮೊದಲು ಇಡೀ ಕಾರಿಗೆ ಆಲ್ಕೋಹಾಲ್ ನೀರು ಹೊಡೆದು ಪಾಲಿಶಿನ ಎಣ್ಣೆ ಪೂರಾ ತೆಗೆಯಿರಿ, ಎಣ್ಣೆಯ ಮೇಲೆ ಸೀಲೆಂಟ್ ಹಿಡಿಯುವುದಿಲ್ಲ. ಫಿನಿಶಿಂಗ್ ಪ್ಯಾಡ್ ಹೊಸದೊಂದು, ಡಯಲ್ 2, ಕಣ್ಣಿಗೆ ಕಂಡೂ ಕಾಣದಷ್ಟು ತೆಳು. ದಪ್ಪ ಹಚ್ಚಿದರೆ ಹೆಚ್ಚು ದಿನ ಬರುವುದಿಲ್ಲ, ಒರಸಲಿಕ್ಕೆ ಕಷ್ಟ ಅಷ್ಟೇ. ಬೆರಳಿನಿಂದ ಎಳೆದಾಗ ಸ್ವಚ್ಛ ಗೆರೆ ಬಂದರೆ ಒರಸುವ ಹೊತ್ತಾಗಿದೆ. ಆ ದಿನ ರಾತ್ರಿ ಕಾರನ್ನು ಮಾಡಿನ ಒಳಗೆ ಇಡಿ, ಹೆಚ್ಚಿನ ಸೀಲೆಂಟಿಗೆ ನೀರು ತಾಗದೆ 12 ಗಂಟೆಯಾದರೂ ಬೇಕು, ಬಾಟ್ಲಿಯ ಮೇಲೆ ಹೆಚ್ಚು ಬರೆದಿದ್ದರೆ ಅಷ್ಟು.

ಟೇಪ್ ತೆಗೆದ ಮೇಲೆ ಕಪ್ಪು ಪ್ಲಾಸ್ಟಿಕಿನ ಸಂದಿಯಲ್ಲಿ ಬಿಳಿ ಪಾಲಿಶ್ ಕಂಡರೆ ಒಣಗುವ ಮೊದಲೇ ಹಳೆ ಟೂತ್‌ಬ್ರಷ್, ಶಾಂಪೂ ನೀರಿನಲ್ಲಿ ಉಜ್ಜಿ. ಎರಡು ದಿನ ಬಿಟ್ಟರೆ ಕೂತುಬಿಡುತ್ತದೆ.